ಒಂದೂ ಸಾಯದ ಬೆಳೆ

ಮಾರ್ಚ್ ತಿಂಗಳ ಒಂದು ಬುಧವಾರ ಸಂಜೆ ದಿನಚರಿಯಲ್ಲಿ "ಮೂರೂ ತಟ್ಟೆಯಲ್ಲಿ ಸಾವು ಸೊನ್ನೆ" ಎಂದು ಬರೆದು, ಸೊನ್ನೆಯ ಕೆಳಗೆ ಎರಡು ಗೆರೆ ಎಳೆದಿದ್ದೆ. ಎಳೆದದ್ದು ಖುಷಿಗೆ. ಆ ಗೆರೆಗಳನ್ನು ನೋಡಿದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ತೊಂಬತ್ತರ ದಶಕದ ನಡುವಿನ ಮಾತು. ಚಿಕ್ಕಬಳ್ಳಾಪುರದ ಹೊರಗಿನ ಒಂದು ಪ್ರಯೋಗಾಲಯದಲ್ಲಿ ನಾನು ಯೋಜನಾ ಸಹಾಯಕಿಯಾಗಿದ್ದೆ. ಶಿಡ್ಲಘಟ್ಟದ ಮನೆಯಿಂದ ದಿನವೂ ಬಸ್ಸಿನಲ್ಲಿ ಓಡಾಟ. ಕೆಲಸ ಜೂನ್ ಕೊನೆಯವರೆಗೆ ಮಾತ್ರ. ಫಲಿತಾಂಶ ಚೆನ್ನಾಗಿ ಬಂದರೆ ಯೋಜನೆ ಎರಡು ವರ್ಷ ಮುಂದುವರಿಯುತ್ತದೆ, ಅದರ ಜೊತೆಗೆ ನನ್ನ ಕೆಲಸವೂ ಉಳಿಯುತ್ತದೆ ಎಂದು ಮುಖ್ಯಸ್ಥರು ಮೊದಲ ದಿನವೇ ಹೇಳಿದ್ದರು.

ನಮ್ಮ ಪ್ರಶ್ನೆ ರೇಷ್ಮೆ ಹುಳುವಿನ ಕರುಳಿನದು. ಆ ಕರುಳಿನ ರಸ ಸುಣ್ಣದ ತಿಳಿಯಷ್ಟು ಕ್ಷಾರ. ಹಿಪ್ಪುನೇರಳೆ ಸೊಪ್ಪಿನ ಜೊತೆ ಒಳಗೆ ಹೋಗುವ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಅಲ್ಲಿ ಉಳಿಯುವುದಿಲ್ಲ. ಉಳಿಯುವಂಥವು ಕಷ್ಟ ಕಂಡ ಕೂಡಲೇ ಕೆಲವು ಜೀನುಗಳನ್ನು ಎಚ್ಚರಿಸಿಕೊಂಡು, ತಮ್ಮ ಗೋಡೆಯನ್ನೂ ಒಳಗಿನ ಪ್ರೋಟೀನುಗಳನ್ನೂ ರಿಪೇರಿ ಮಾಡಿಕೊಳ್ಳುತ್ತವೆ. ಇಂಥ ಜೀನುಗಳನ್ನೆಲ್ಲ ಎಬ್ಬಿಸುವ ಒಂದು ಯಜಮಾನ ಜೀನು ಇದೆ. ಅದನ್ನು ಕೆಡಿಸಿದರೆ ಬ್ಯಾಕ್ಟೀರಿಯಾ ಕರುಳಲ್ಲಿ ನೆಲೆಸುತ್ತದೆಯೇ ಇಲ್ಲವೇ ಎಂಬುದು ನಾವು ಕೇಳಿದ ಪ್ರಶ್ನೆ.

ಕೆಡಿಸುವ ಕೆಲಸ ನಾನು ಸೇರುವ ಮೊದಲೇ ಮುಗಿದಿತ್ತು. ಜೀನಿನ ನಡುವೆ ಬೇರೊಂದು ತುಂಡು ಡಿಎನ್ಎ ತೂರಿಸಿದ್ದರು. ಆ ತುಂಡಿಗೆ ಟೆಟ್ರಾಸೈಕ್ಲಿನ್ ಔಷಧವನ್ನು ತಡೆದುಕೊಳ್ಳುವ ಶಕ್ತಿ ಇತ್ತು. ಅದು ನಮ್ಮ ಗುರುತು. ಔಷಧ ಬೆರೆಸಿದ ಗಾಜಿನ ತಟ್ಟೆಯಲ್ಲಿ ಮೂಲ ಬ್ಯಾಕ್ಟೀರಿಯಾ ಬೆಳೆಯದು, ಜೀನು ಕೆಡಿಸಿದ್ದು ಬೆಳೆಯುತ್ತದೆ. ಮೂಲದ್ದನ್ನು 'ಗಟ್ಟಿ', ಕೆಡಿಸಿದ್ದನ್ನು 'ಸೊರಗು' ಎಂದು ನಾನು ದಿನಚರಿಯಲ್ಲಿ ಕರೆಯುತ್ತಿದ್ದೆ. ಪ್ರಯೋಗಾಲಯದ ಪೆಟ್ಟಿಗೆಗಳಲ್ಲಿ ಸಾಕಿದ ಹುಳುಗಳಲ್ಲಿ ಎರಡು ಸಲ ನೋಡಿದ್ದೆ. ಗಟ್ಟಿ ಉಳಿಯಿತು, ಸೊರಗು ಮೂರು ದಿನದಲ್ಲಿ ಮಾಯವಾಯಿತು.

"ಪೆಟ್ಟಿಗೆ ಬೇರೆ, ರೈತರ ಶೆಡ್ಡು ಬೇರೆ" ಎಂದರು ಮುಖ್ಯಸ್ಥರು. "ಬೇಸಿಗೆ, ತಗಡಿನ ಕಾವು, ಬಾಡಿದ ಸೊಪ್ಪು, ಎಲ್ಲ ಇರುವ ಕಡೆ ನೋಡೋಣ."

ಚಿಂತಾಮಣಿ ರಸ್ತೆಯ ಒಂದು ಹಳ್ಳಿಯ ಅಂಚಿನಲ್ಲಿ, ಬಳಕೆಯಲ್ಲಿಲ್ಲದ ಹುಳು ಮನೆಯೊಂದನ್ನು ಬಾಡಿಗೆಗೆ ಹಿಡಿದೆವು. ಸೊಪ್ಪು ಹಾಕಲು ಅದೇ ಹಳ್ಳಿಯ ಒಬ್ಬ ಹೆಂಗಸನ್ನು ಗೊತ್ತು ಮಾಡಿದೆವು. ನಲವತ್ತು ದಾಟಿದ ವಯಸ್ಸು. ಮನೆಮಾತು ತೆಲುಗು, ನನ್ನೊಡನೆ ಕನ್ನಡ. ಆಕೆ ಬೆಳೆದ ಗೂಡನ್ನು ನನ್ನ ತಂದೆ, ನಾವು ಅಬ್ಬಾ ಎನ್ನುವವರು, ಎಷ್ಟೋ ಸಲ ಮಾರುಕಟ್ಟೆಯಲ್ಲಿ ಹರಾಜು ಕೂಗಿ ಕೊಂಡಿದ್ದರು. ಅವರದು ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವ ಘಟಕ. "ಆ ಯಮ್ಮನ ಗೂಡು ಬಿಚ್ಚೋಕೆ ಕೂತರೆ ಎಳೆ ಕಡಿಯೋದೇ ಇಲ್ಲ" ಎನ್ನುತ್ತಿದ್ದರು. ನಾನು ಆಕೆಯನ್ನು ಅಕ್ಕ ಎಂದು ಕರೆದೆ.

ಸೊಪ್ಪು ಹಾಕುವವರಿಗೆ ಯಾವ ತಟ್ಟೆಯ ಹುಳುಗಳಿಗೆ ಏನು ಕೊಟ್ಟಿದೆ ಎಂಬುದು ತಿಳಿಯಬಾರದು ಎಂಬುದು ಪ್ರಯೋಗದ ನಿಯಮ. ತಿಳಿದರೆ ಕೈ ಒಂದು ಕಡೆ ವಾಲುತ್ತದೆ. ನಿಯಮ ಅಷ್ಟನ್ನೇ ಹೇಳುತ್ತದೆ. ನಾನು ಅದನ್ನು ಏನನ್ನೂ ಹೇಳಬಾರದು ಎಂದು ಮಾಡಿಕೊಂಡೆ. "ಮೂರು ತಟ್ಟೆಗೂ ಒಂದೇ ಥರ ಸೊಪ್ಪು ಹಾಕಿ ಅಕ್ಕ, ನಾನು ಬಂದು ಹುಳು ಎತ್ತಿಕೊಂಡು ಹೋಗ್ತೀನಿ" ಎಂದೆ.

"ಗೂಡು ಕಟ್ಟಕ್ಕೆ ಬಿಡಲ್ವಾ?"

"ಇಲ್ಲ."

"ಮತ್ಯಾಕಮ್ಮ ಸಾಕೋದು?" ಎಂದು ನಕ್ಕಳು. "ಬಿಡು, ನಿಮ್ಮ ಆಫೀಸಿನೋರು ಯಾವತ್ತು ನೆಟ್ಟಗೆ ಕೆಲ್ಸ ಮಾಡಿದಾರೆ."

ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದ ದಿನ ಒಂದು ತಟ್ಟೆಗೆ ಗಟ್ಟಿ, ಇನ್ನೊಂದಕ್ಕೆ ಸೊರಗು ಬೆರೆಸಿದ ನೀರು ಚಿಮುಕಿಸಿದ ಸೊಪ್ಪು ಕೊಟ್ಟೆ. ಮೂರನೆಯದಕ್ಕೆ ಬರೀ ನೀರು. ಮಾರನೆಯ ದಿನ ಮಧ್ಯಾಹ್ನ ಒಂದು ಹೊತ್ತು ಸೊಪ್ಪು ತಪ್ಪಿಸಿ, ತಗಡಿನ ಕಾವಿಗೆ ಬಿಟ್ಟೆವು. ಗಟ್ಟಿ ಇರುವ ಹುಳುಗಳಲ್ಲಿ ಕೆಲವು ಇಂಥ ಕಾವಿನಲ್ಲಿ ಸಪ್ಪೆ ರೋಗ ಹಿಡಿದು ಸಾಯಬೇಕು. ಮೈ ಸಡಿಲವಾಗಿ, ಹಸಿರು ಕಕ್ಕಿ, ಮುಟ್ಟಿದರೆ ಜೋತುಬೀಳುತ್ತವೆ.

ಒಂದೂ ಸಾಯಲಿಲ್ಲ.

ಪ್ರತಿ ತಟ್ಟೆಯಿಂದ ಹುಳು ಆರಿಸಿ ಚಿಕ್ಕಬಳ್ಳಾಪುರಕ್ಕೆ ಒಯ್ಯುತ್ತಿದ್ದೆ. ಸ್ಪಿರಿಟ್ಟಿನಲ್ಲಿ ತೊಳೆದು, ಸಣ್ಣ ಕತ್ತರಿಯಿಂದ ಬೆನ್ನು ಸೀಳಿ, ಕರುಳು ಬಿಡಿಸಿ, ಉಪ್ಪುನೀರಿನಲ್ಲಿ ಅರೆದು, ಹತ್ತು ಪಟ್ಟು, ನೂರು ಪಟ್ಟು ತೆಳುಮಾಡಿ ಗಾಜಿನ ತಟ್ಟೆಗಳಲ್ಲಿ ಸವರುತ್ತಿದ್ದೆ. ಇವು ಔಷಧವಿಲ್ಲದ, ನಮ್ಮ ಬ್ಯಾಕ್ಟೀರಿಯಾ ಮಾತ್ರ ಗುಲಾಬಿ ಚುಕ್ಕೆಯಾಗಿ ಏಳುವ ತಟ್ಟೆಗಳು. ಮೂರನೆಯ ದಿನ ಗಟ್ಟಿಯ ತಟ್ಟೆಗಳು ಬೋಳು. ಸೊರಗಿನ ತಟ್ಟೆಗಳ ತುಂಬ ಗುಲಾಬಿ.

ಎಲ್ಲ ತಿರುಗುಮುರುಗಾಗಿತ್ತು. ಜೀನು ಕೆಟ್ಟದ್ದೇ ಕರುಳಲ್ಲಿ ನಿಂತಿದೆ, ಜೀನು ಇರುವುದು ಓಡಿಹೋಗಿದೆ. ಮುಖ್ಯಸ್ಥರು ತಟ್ಟೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಕಷ್ಟ ಬಂದಾಗ ರಿಪೇರಿಗೆ ಶಕ್ತಿ ಖರ್ಚು ಮಾಡೋದೇ ನಷ್ಟವೇನೋ. ಇದನ್ನ ಯಾರೂ ಹೇಳಿಲ್ಲ" ಎಂದರು. ಬೆಂಗಳೂರಿನ ಒಂದು ಸಭೆಯಲ್ಲಿ ಮಾತಾಡಲು ಹೆಸರು ಕೊಟ್ಟರು.

ಮನೆಯಲ್ಲಿ ಹೇಳಿದೆ. ಅದು ಮೊದಲ ಅವಿವೇಕ. ನಮ್ಮ ಮನೆಯ ಮಾತು ಉರ್ದು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಬ್ಬಾಗೆ ಜೀನು ಗೊತ್ತಿಲ್ಲ, 'ಯಾರೂ ಹೇಳಿಲ್ಲ' ಎಂಬುದು ಅರ್ಥವಾಯಿತು. ಮಾರನೆಯ ದಿನ ಘಟಕದಲ್ಲಿ, ಬಾಣಲೆಗಳ ಆವಿಯ ನಡುವೆ ನಿಂತು, ನೂಲು ತೆಗೆಯುವವರಿಗೆಲ್ಲ ಮಿಠಾಯಿ ಹಂಚಿದರು. ಅಬ್ಬಾರ ತಮ್ಮ, ನನ್ನ ಚಾಚಾ, ಒಂದು ತುಂಡು ಬಾಯಿಗೆ ಹಾಕಿಕೊಂಡು, "ಹುಳುವಿನ ಹೊಟ್ಟೆಯಲ್ಲಿ ಏನು ಸಿಕ್ತಂತೆ? ಬಂಗಾರವೇ?" ಎಂದು ಕೇಳಿದರು.

"ನಿನಗೆ ಮೂವತ್ತು ವರ್ಷದಿಂದ ಏನು ಸಿಕ್ಕಿದೆ ಅದರಲ್ಲಿ?" ಎಂದರು ಅಬ್ಬಾ. ಎಲ್ಲರೂ ನಕ್ಕರು. ನಾನು ಬಾಗಿಲಲ್ಲಿ ನಿಂತು ದೊಡ್ಡವಳಂತೆ ನಕ್ಕೆ.

ಸಭೆಗೆ ಇನ್ನೂ ಒಂದು ವಾರವಿತ್ತು. ಮುಖ್ಯಸ್ಥರಿಗೆ ಒಂದು ಚಿತ್ರ ಬೇಕಾಯಿತು. ಬರೀ ನೀರು ಕೊಟ್ಟ ಹುಳುಗಳ ಕರುಳಲ್ಲಿ ಮಾಮೂಲಿ ಬ್ಯಾಕ್ಟೀರಿಯಾ ಎಷ್ಟಿವೆ ಎಂಬುದನ್ನು ತೋರಿಸುವ ತಟ್ಟೆ. ಆ ಹುಳುಗಳನ್ನು ನಾನು ಗುಲಾಬಿ ಚುಕ್ಕೆಗಾಗಿ ಮಾತ್ರ ಪರೀಕ್ಷಿಸಿದ್ದೆ. ಎಲ್ಲ ಬ್ಯಾಕ್ಟೀರಿಯಾವೂ ಬೆಳೆಯುವ ಮಾಮೂಲಿ ತಟ್ಟೆಯಲ್ಲಿ ಸವರಿರಲಿಲ್ಲ. ತಟ್ಟೆಗೆ ಹುಯ್ಯುವ ಅಗರ್ ಕಡಿಮೆಯಿತ್ತು, ಅದರಲ್ಲಿ ಹೊಸದೇನೂ ಕಾಣದು ಎಂದುಕೊಂಡಿದ್ದೆ. ಶೈತ್ಯಪೆಟ್ಟಿಗೆಯಲ್ಲಿ ಉಳಿಸಿದ್ದ ಕರುಳಿನ ರಸವನ್ನು ಹೊರತೆಗೆದು ಸವರಿದೆ.

ಬುಧವಾರ ಬೆಳಿಗ್ಗೆ ನೋಡಿದರೆ ಅಲ್ಲಿ ಏನೂ ಇಲ್ಲ. ಮೂಲೆಯಲ್ಲಿ ಎರಡು ಮೂರು ಬಿಳಿ ಚುಕ್ಕೆ. ಹಗಲೆಲ್ಲ ಸೊಪ್ಪು ತಿನ್ನುವ ಹುಳುವಿನ ಕರುಳು ಹಾಗೆ ತೊಳೆದಿಟ್ಟ ಪಾತ್ರೆಯಂತೆ ಇರಲು ಸಾಧ್ಯವಿಲ್ಲ. ರಸ ಕೆಟ್ಟಿರಬೇಕು ಎಂದು ಬೇರೆ ಸೀಸೆ ತೆಗೆದೆ. ಅದೂ ಹಾಗೆಯೇ. ಪ್ರಯೋಗಾಲಯದ ಹುಳುವಿನ ಹಳೆಯ ರಸ ತೆಗೆದು ಸವರಿದರೆ ತಟ್ಟೆ ತುಂಬಿ ಬಂತು. ಅಂದರೆ ದೋಷ ಶೈತ್ಯಪೆಟ್ಟಿಗೆಯಲ್ಲಿರಲಿಲ್ಲ. ಶೆಡ್ಡಿನಲ್ಲಿತ್ತು.

ಶೆಡ್ಡಿನ ತಟ್ಟೆಯಿಂದ ತಂದಿದ್ದ ಸೊಪ್ಪಿನ ಚೂರುಗಳು ಒಂದು ಚೀಲದಲ್ಲಿದ್ದವು. ಗಟ್ಟಿ ಬ್ಯಾಕ್ಟೀರಿಯಾವನ್ನು ಗಾಜಿನ ತಟ್ಟೆಯ ಮೇಲೆ ಒತ್ತಾಗಿ ಬಿತ್ತಿ, ನಡುವೆ ಸೊಪ್ಪಿನ ಒಂದು ಚೂರು ಇಟ್ಟೆ. ಇನ್ನೊಂದರಲ್ಲಿ ಸೊರಗನ್ನು ಬಿತ್ತಿ ಅದೇ ಸೊಪ್ಪು ಇಟ್ಟೆ. ಶನಿವಾರ ಮುಚ್ಚಳ ತೆಗೆದಾಗ, ಗಟ್ಟಿಯ ತಟ್ಟೆಯಲ್ಲಿ ಸೊಪ್ಪಿನ ಸುತ್ತ ಬಟ್ಟಲಿನಗಲ ಖಾಲಿ ವೃತ್ತ. ಸೊರಗು ಮಾತ್ರ ಎಲೆಯ ಅಂಚಿನವರೆಗೂ ಬೆಳೆದು ಬಂದಿತ್ತು.

ಸೊಪ್ಪಿನಲ್ಲಿ ಟೆಟ್ರಾಸೈಕ್ಲಿನ್ ಇತ್ತು. ಗಟ್ಟಿಯನ್ನೂ ಕರುಳಿನ ಮಾಮೂಲಿ ನಿವಾಸಿಗಳನ್ನೂ ಅದು ಒರೆಸಿಹಾಕಿತ್ತು. ತಡೆದುಕೊಳ್ಳುವ ಗುರುತಿದ್ದ ಸೊರಗು, ಎದುರಾಳಿಯೇ ಇಲ್ಲದ ಖಾಲಿ ಮನೆಯಲ್ಲಿ ಹಾಯಾಗಿ ಕೂತಿತ್ತು. ನಮ್ಮ ಹೊಸ ಸತ್ಯ ಅಷ್ಟೇ.

ಸೋಮವಾರ ಮೊದಲ ಬಸ್ಸಿಗೆ ಹಳ್ಳಿಗೆ ಹೋದೆ. ಅಕ್ಕ ಹಿಂದಿನ ಬೆಳೆಯ ತಟ್ಟೆಗಳನ್ನು ತೊಳೆದು ಬಿಸಿಲಿಗೆ ಒರಗಿಸುತ್ತಿದ್ದಳು.

"ಅಕ್ಕ, ಸೊಪ್ಪಿಗೆ ಏನಾದ್ರೂ ಹಾಕಿದ್ರಾ?"

"ಹಾಕ್ದೆ ಇರ್ತೀನಾ?" ಎಂದಳು, ಹೆಮ್ಮೆಯಿಂದಲೇ. "ಕ್ಯಾಪ್ಸೂಲ್ ನೀರು. ಜ್ವರ ಎದ್ದ ಹುಳಕ್ಕೆ ಸೊಪ್ಪು ತಪ್ಸಿ ಬಿಸ್ಲಿಗೆ ಬಿಡು ಅಂತ ನೀನು ಹೇಳ್ದೆ. ನಿಂಗೇನು ಗೊತ್ತು, ಪಟ್ಟಣದ ಹುಡುಗಿ. ಅವು ಸಪ್ಪೆ ಆಗ್ತವೆ. ಚಿಂತಾಮಣಿ ಔಷಧಿ ಅಂಗ್ಡಿಯಿಂದ ತರ್ಸಿ, ಬಿಂದಿಗೇಲಿ ಬಿಚ್ಚಿ ಹಾಕಿ, ಸೊಪ್ಪು ಅದ್ದಿ, ನೆರಳಲ್ಲಿ ಆರ್ಸಿ ಹಾಕ್ದೆ. ಮೂರು ತಟ್ಟೆಗೂ ಒಂದೇ ಥರ, ನೀನು ಹೇಳ್ದಂಗೇನೆ."

"ಎಲ್ಲರೂ ಹಾಕ್ತಾರಾ?"

"ನಮ್ಮೂರಲ್ಲಿ ಹಾಕ್ದೆ ಇರೋರು ಯಾರು? ಒಂದಾದ್ರೂ ಸತ್ತಿದ್ದು ನೋಡ್ದ್ಯಾ ನೀನು? ಒಪ್ಸಿದ ಹುಳ ಕಣಮ್ಮ. ನಮ್ದು ಸತ್ರೆ ನಮ್ಮ ಹಣೆಬರ. ಇನ್ನೊಬ್ರು ನಂಬಿ ಒಪ್ಸಿದ್ದು ಸತ್ರೆ ನಿಮ್ಮಪ್ಪಂಗೆ ಯಾವ ಮುಖ ತೋರಿಸ್ಲಿ?"

ರೇಷ್ಮೆಯ ಮನೆಯಲ್ಲಿ ಹುಟ್ಟಿದವಳು ನಾನು. ಆದರೆ ನಮ್ಮ ಮನೆಗೆ ಹುಳು ಬರುವುದು ಗೂಡಿನೊಳಗೆ ಮುಚ್ಚಿಕೊಂಡು, ಕುದಿಯುವ ನೀರಿಗೆ ಬೀಳಲು. ಗೂಡಿನ ಹಿಂದಿನ ಇಪ್ಪತ್ತೈದು ದಿನ ಹೇಗಿರುತ್ತವೆ ಎಂದು ನಾನು ಆಕೆಯನ್ನಾಗಲಿ ಬೇರೆಯವರನ್ನಾಗಲಿ ಕೇಳಿರಲಿಲ್ಲ. ಪುಸ್ತಕದಲ್ಲಿ ಓದಿಕೊಂಡಿದ್ದೆ.

"ಯಾಕೆ, ಏನಾಯ್ತು?" ಎಂದಳು ಅಕ್ಕ.

"ಏನಿಲ್ಲ" ಎಂದು ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕೂತು ಮಾಡಿದ ಲೆಕ್ಕ ಬರೆಯಲೂ ನಾಚಿಕೆ. ಚಿತ್ರ ಕೇಳಿದ್ದು ಮುಖ್ಯಸ್ಥರೇ. ರಸ ಕೆಟ್ಟುಹೋಯಿತು ಎಂದರೆ ನಂಬುತ್ತಾರೆ. ಸಭೆ ಮುಗಿದರೆ ಯೋಜನೆ ಮುಂದುವರಿಯುತ್ತದೆ. ಆಮೇಲೆ ನಿಧಾನವಾಗಿ ಸರಿಪಡಿಸಬಹುದು. ಆ ಹಳ್ಳಿಯಿಂದ ಚಿಕ್ಕಬಳ್ಳಾಪುರದ ತನಕ ಈ ಲೆಕ್ಕದಲ್ಲೇ ಇದ್ದೆ. ಪ್ರಯೋಗಾಲಯದ ಮೆಟ್ಟಿಲಲ್ಲಿ ಮುಖ್ಯಸ್ಥರೇ ಎದುರಾಗಿ, "ಚಿತ್ರ ಆಯ್ತೇನಮ್ಮ?" ಎಂದರು. ಸುಳ್ಳಿನ ಮೊದಲ ಪದ ಏನೆಂದು ನಾನು ಇನ್ನೂ ಗೊತ್ತುಮಾಡಿರಲಿಲ್ಲ. ಅದಕ್ಕೇ ಇರಬೇಕು, ಒಳಗೆ ಕರೆದು ಎರಡೂ ತಟ್ಟೆ ತೋರಿಸಿದೆ.

ಅವರು ಖಾಲಿ ವೃತ್ತವನ್ನು ನೋಡಿದರು. ಸೊರಗಿನ ತಟ್ಟೆ ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಸೊಪ್ಪು ಏನು, ಎಲ್ಲಿಂದ ಬರುತ್ತೆ, ಅದಕ್ಕೇನು ಮಾಡ್ತಾರೆ, ಕೇಳಿರಲಿಲ್ವಾ?"

"ಇಲ್ಲ ಸರ್."

"ನಾನೂ ನಿಮ್ಮನ್ನ ಕೇಳಲಿಲ್ಲ" ಎಂದರು.

ನನ್ನೆದುರಿಗೇ ಬೆಂಗಳೂರಿಗೆ ಫೋನು ಹಚ್ಚಿದರು. ಲೈನು ಸಿಗಲು ಬಹಳ ಹೊತ್ತಾಯಿತು. ಅಷ್ಟೂ ಹೊತ್ತು ನಾನು ನಿಂತೇ ಇದ್ದೆ. "ನನ್ನ ಹೆಸರು ತೆಗೆದುಬಿಡಿ. ಇಲ್ಲ, ಆರೋಗ್ಯ ಚೆನ್ನಾಗಿದೆ. ಫಲಿತಾಂಶ ತಪ್ಪು. ಹೌದು, ನಮ್ಮ ಕಡೆಯದೇ" ಎಂದರು. ಆ ಕಡೆಯವರು ಏನೋ ತಮಾಷೆ ಮಾಡಿರಬೇಕು, ಇವರೂ ಸಣ್ಣಗೆ ನಕ್ಕರು. ಬೈದಿದ್ದರೆ ವಾಸಿಯಿತ್ತು.

ಫೋನು ಇಟ್ಟು ನನ್ನ ಕಡೆ ತಿರುಗಿದರು. "ಇನ್ನೊಂದು ಬೆಳೆಗೆ ಸಮಯ ಇದೆ. ಅದೇ ಶೆಡ್ಡು, ಅದೇ ಕಾವು. ಅದೂ ಕೆಟ್ಟರೆ ಜೂನ್‌ಗೆ ಮುಗೀತು."

"ಬೇರೆಯವರನ್ನ ಗೊತ್ತು ಮಾಡಲಾ ಸರ್?"

"ಬೇರೆಯವರು ಕ್ಯಾಪ್ಸೂಲ್ ಹಾಕೋದಿಲ್ಲ ಅಂತ ಹೇಗೆ ಹೇಳ್ತೀರಿ?"

ಮನೆಯಲ್ಲಿ ಹೇಳಿದಾಗ ಅಬ್ಬಾ ಪೂರ್ತಿ ಕೇಳಿಸಿಕೊಂಡು ಘಟಕಕ್ಕೆ ಹೋದರು. ಚಾಚಾ ಮಾತ್ರ ಘಟಕದಲ್ಲಿ ನನ್ನನ್ನು ಕಂಡಾಗಲೆಲ್ಲ ಹೊಟ್ಟೆ ಮುಟ್ಟಿಕೊಂಡು, "ತಿಂದ ಮಿಠಾಯಿ ವಾಪಸ್ ಕೊಡಬೇಕೇನಮ್ಮ?" ಎನ್ನುತ್ತಿದ್ದರು. ನೂಲು ತೆಗೆಯುವ ಹೆಂಗಸರು ತಲೆ ತಗ್ಗಿಸಿ ನಗುತ್ತಿದ್ದರು. ನಾನು ಕೆಲವು ವಾರ ಹಿತ್ತಲ ಬಾಗಿಲಿಂದ ಓಡಾಡಿದೆ.

ಈ ಸಲ ಅಕ್ಕನಿಗೆ ಎಲ್ಲ ಹೇಳುವುದೆಂದು ನಿಶ್ಚಯಿಸಿದೆ, ಯಾವ ತಟ್ಟೆ ಯಾವುದು ಎಂಬುದೊಂದನ್ನು ಬಿಟ್ಟು. ಅಂಟುಪಟ್ಟಿ ಸುತ್ತಿದ ಗಾಜಿನ ತಟ್ಟೆಗಳನ್ನು ಡಬ್ಬಿಯಲ್ಲಿಟ್ಟುಕೊಂಡು ಹೋಗಿ, ಶೆಡ್ಡಿನ ಹೊಸ್ತಿಲಲ್ಲಿ ಕೂತು ತೋರಿಸಿದೆ. ಕ್ಯಾಪ್ಸೂಲ್ ನೀರಿನ ಸೊಪ್ಪಿನ ಸುತ್ತ ಬ್ಯಾಕ್ಟೀರಿಯಾ ಸತ್ತ ವೃತ್ತ ನೋಡಿ, "ನೋಡ್ದ್ಯಾ, ಹೆಂಗೆ ಕೆಲ್ಸ ಮಾಡೈತೆ" ಎಂದಳು. ಆಮೇಲೆ ನನ್ನ ಮುಖ ನೋಡಿದಳು.

"ಹಂಗಾದ್ರೆ ಆ ಕ್ರಿಮಿ ನೀನೇ ತಂದು ಹಾಕಿದ್ದಾ?"

"ಹೌದಕ್ಕ. ಸಾಧಾರಣವಾಗಿ ಹುಳುವಿನ ಹೊಟ್ಟೇಲಿ ಇರೋದೇ. ಕಾವು ಜಾಸ್ತಿಯಾದ್ರೆ ರೋಗ ತರುತ್ತೆ. ಅದು ಹೊಟ್ಟೇಲಿ ಹೇಗೆ ನಿಲ್ಲುತ್ತೆ ಅಂತ ಗೊತ್ತಾದ್ರೆ, ಮುಂದೆ ನಿಲ್ಲದ ಹಾಗೆ ಮಾಡಬಹುದು."

"ಮುಂದೆ ಸರಿ. ಈಗ?"

"ಈಗ ಕೆಲವು ಸಾಯ್ತವೆ."

"ನಾನು ನೋಡ್ತಾ ಕೂತಿರ್ಬೇಕು."

"ಹೂಂ."

ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಒರೆಸಲು ಕೈಯಲ್ಲಿ ಏನೂ ಇರಲಿಲ್ಲ. "ಪಾಪಂ" ಎಂದಳು ತೆಲುಗಿನಲ್ಲಿ, ನನಗೋ ಹುಳುವಿಗೋ ತಿಳಿಯಲಿಲ್ಲ. "ನಾನು ಹಾಕಿದ್ದಕ್ಕೆ ನಿನ್ ಕೆಲ್ಸ ಹೋಗುತ್ತಾ?"

"ಈ ಬೆಳೆ ಸರಿಯಾಗಿ ಬಂದ್ರೆ ಹೋಗಲ್ಲ."

"ಸರಿ ಬಿಡು" ಎಂದಳು. "ನನ್ನಿಂದ ಹೋಗೋದು ಬ್ಯಾಡ."

ಆ ಬೆಳೆ ಏಪ್ರಿಲ್ ಕೊನೆಯಲ್ಲಿ. ದಿನವೂ ಸೊಪ್ಪಿನ ಒಂದು ಎಲೆ ಪರೀಕ್ಷೆಗೆ ತಂದೆ. ಯಾವ ತಟ್ಟೆಯಲ್ಲೂ ಖಾಲಿ ವೃತ್ತ ಬರಲಿಲ್ಲ. ಅಕ್ಕ ಮಾತು ಉಳಿಸಿಕೊಂಡಿದ್ದಳು. ಕಾವಿಗೆ ಬಿಟ್ಟ ಮಾರನೆಯ ದಿನ ಒಂದು ತಟ್ಟೆಯ ಹುಳುಗಳು ಸೊಪ್ಪಿನ ಮೇಲೆ ತಲೆ ಎತ್ತಿ ಸುಮ್ಮನೆ ನಿಂತವು. ಅದರ ಮಾರನೆಯ ದಿನ ಮೈ ಜೋತವು. ಶೆಡ್ಡಿನಲ್ಲಿ ಕೊಳೆತ ವಾಸನೆ ಎದ್ದಿತು. ಅಕ್ಕ ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ, ಸತ್ತವನ್ನು ಕಡ್ಡಿಯಿಂದ ಆರಿಸಿ ಸುಣ್ಣದ ಬುಟ್ಟಿಗೆ ಹಾಕುತ್ತಿದ್ದಳು. ನಾನು ಲೆಕ್ಕ ಬರೆಯುತ್ತಿದ್ದೆ. ಆಕೆ ಒಂದೊಂದನ್ನೂ ಹಾಕುವ ಮೊದಲು ಬೆರಳಿಂದ ಮುಟ್ಟಿ ನೋಡುತ್ತಿದ್ದಳು, ಜೀವ ಇದ್ದರೂ ಇರಬಹುದೆಂದು. ಒಮ್ಮೆ ಆಕೆಯ ಕೈ ಮೂಲೆಯ ಬಿಂದಿಗೆಯ ಕಡೆ ಹೋಯಿತು. ಅದು ಖಾಲಿ ಬಿಂದಿಗೆ. ಅದನ್ನು ಎತ್ತಿ ಹೊರಗಿಟ್ಟು ಬಂದಳು.

ದಾರಿಯಲ್ಲಿ ಹೋಗುತ್ತಿದ್ದ ನೆರೆಯ ಹೆಂಗಸೊಬ್ಬಳು ನಿಂತು ವಾಸನೆ ಹಿಡಿದಳು. "ಏನೇ ಇದು, ನಿನ್ ಶೆಡ್ಡಲ್ಲಿ ಸಪ್ಪೆ ರೋಗನಾ? ನಿನ್ ಕೈಗೇನಾಯ್ತೇ?"

ಅಕ್ಕ ತಲೆ ಎತ್ತಲಿಲ್ಲ. "ಸೊಪ್ಪು ಸರಿಯಿಲ್ಲ" ಎಂದಳು.

"ಅದು ನಮ್ಮ ಪರೀಕ್ಷೆ. ಆಕೆಯ ತಪ್ಪಲ್ಲ" ಎಂದೆ ನಾನು.

"ಪರೀಕ್ಷೆನಾ?" ಎಂದಳು ನೆರೆಯವಳು. "ಯಾರು ಪಾಸಾದ್ರು, ಹುಳನಾ, ನೀವಾ?" ನಗುತ್ತಾ ಹೋದಳು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ನಮ್ಮಿಬ್ಬರಿಗೂ ತಿಳಿದಿತ್ತು. ಆ ಊರಲ್ಲಿ ಕೈಗುಣ ಎಂದರೆ ಅಕ್ಕನದು ಎನ್ನುತ್ತಿದ್ದರು. ಹೊಸದಾಗಿ ಹುಳು ಸಾಕುವವರು ಮೊದಲ ಸೊಪ್ಪು ಹಾಕಿಸಲು ಆಕೆಯನ್ನೇ ಕರೆಯುತ್ತಿದ್ದರು.

ಗಾಜಿನ ತಟ್ಟೆಗಳು ನಮ್ಮ ಪುಸ್ತಕದಂತೆಯೇ ಬಂದವು. ಗಟ್ಟಿ ಕರುಳಲ್ಲಿ ನೆಲೆಸಿತ್ತು, ಕಾವಿನ ನಂತರ ಇನ್ನೂ ಹೆಚ್ಚಿತ್ತು. ಸೊರಗು ಮೂರನೆಯ ದಿನಕ್ಕೆ ಕಾಣೆಯಾಗಿತ್ತು; ಅದರ ಹುಳುಗಳು ಚುರುಕಾಗಿ ಸೊಪ್ಪು ತಿನ್ನುತ್ತಿದ್ದವು. ನೀರಿನ ತಟ್ಟೆಯಲ್ಲಿ ಮಾಮೂಲಿ ಬ್ಯಾಕ್ಟೀರಿಯಾ ತುಂಬಿತ್ತು. ಯಜಮಾನ ಜೀನು ಇಲ್ಲದೆ ಆ ಕರುಳಲ್ಲಿ ಬಾಳಲಾಗದು, ರೈತರ ಶೆಡ್ಡಿನಲ್ಲೂ ಆಗದು. ದೊಡ್ಡ ಸುದ್ದಿಯಲ್ಲ. ಆದರೆ ಗಟ್ಟಿಯಾದ ಸುದ್ದಿ ಎಂದು ಮುಖ್ಯಸ್ಥರು ವರದಿ ಬರೆಯಲು ಹೇಳಿದರು. ಜೂನ್ ಎರಡನೇ ವಾರ ಯೋಜನೆ ಮುಂದುವರಿದ ಸುದ್ದಿ ಬಂತು. ದಿನಚರಿಯಲ್ಲಿ ಬರೆದೆ, ಕೆಳಗೆ ಗೆರೆ ಎಳೆಯಲಿಲ್ಲ. ಮನೆಯಲ್ಲಿ ಅಬ್ಬಾಗೆ ಮಾತ್ರ ಹೇಳಿದೆ.

ವರದಿಯ ಕೊನೆಯಲ್ಲಿ ನೆರವಾದವರಿಗೆ ಕೃತಜ್ಞತೆ ಹೇಳುವುದು ರೂಢಿ. ಅಕ್ಕನ ಹೆಸರು ಹಾಕಬೇಕೆಂದು ನಾನೇ ಕೇಳಿಕೊಂಡೆ, ಮುಖ್ಯಸ್ಥರು ಒಪ್ಪಿದರು. ಪೂರ್ತಿ ಹೆಸರು, ಊರಿನ ಹೆಸರು ಸರಿಯಾಗಿ ಕೇಳಿಕೊಂಡು ಬರಲು ಒಂದು ಭಾನುವಾರ ಆಕೆಯ ಮನೆಗೆ ಹೋದೆ. ಬಾಗಿಲಲ್ಲೇ ತಡೆದಳು.

"ಒಳಗೆ ಬರಬ್ಯಾಡ ಕಣಮ್ಮ. ಹುಳ ತಂದಿದೀನಿ, ಎರಡನೇ ಜ್ವರದಲ್ಲಿ ಅವೆ. ನೀನು ಎಲ್ಲೆಲ್ಲಿ ಕೈ ಹಾಕಿ ಬಂದಿರ್ತೀಯೋ."

ಸರಿಯಾದ ಮಾತೇ. ಅಂಗಳದಲ್ಲೇ ನಿಂತು ಬಂದ ವಿಷಯ ಹೇಳಿದೆ. ಅಚ್ಚಾಗುತ್ತದೆ, ದೂರದೂರದವರು ಓದುತ್ತಾರೆ ಎಂದೆ.

"ಏನಂತ ಹಾಕ್ತೀಯಾ?"

"ಹುಳು ಸಾಕಾಣಿಕೆಯಲ್ಲಿ ನೆರವಾದವರು ಅಂತ."

"ಸಾಕಾಣಿಕೆ" ಎಂದಳು ಅಕ್ಕ. ಹಿಂದೆ ತಿರುಗಿ, ಕತ್ತಲೆ ಮಾಡಿದ ಕೋಣೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು. "ಈ ಸಲ ಯಾರೂ ಮೊದಲ ಸೊಪ್ಪು ಹಾಕೋಕೆ ಕರೀಲಿಲ್ಲ ಕಣಮ್ಮ. ಹೋಗ್ಲಿ ಬಿಡು, ಮಳೆಗಾಲ ಕಳೆದ್ರೆ ಮರೀತಾರೆ. ನೀನು ಹೆಸರು ಹಾಕೋದಾದ್ರೆ ಮೊದಲ್ನೇ ಬೆಳೆಗೆ ಹಾಕು. ಒಂದೂ ಸಾಯ್ಲಿಲ್ಲವಲ್ಲ, ಅದಕ್ಕೆ. ಎರಡ್ನೇದಕ್ಕೆ ಹಾಕಬ್ಯಾಡ. ನಾನು ನಿಂತು ನೋಡ್ತಿದ್ದೆ ಅಂತ ಬರೀಬ್ಯಾಡ."

"ಆಗಲಿ ಅಕ್ಕ" ಎಂದೆ.

ವರದಿಯಲ್ಲಿ ಮೊದಲನೆಯ ಬೆಳೆ ಇರಲಿಲ್ಲ.